ಸ್ಫೋಟದ ಒತ್ತಡ ಮತ್ತು ಮಾಜಿ ಸೈನಿಕರ ಶ್ವಾಸಕೋಶದ ಆರೋಗ್ಯ: ಶಿವಮೊಗ್ಗ ನಗರ ಹಾಗೂ ಭದ್ರಾವತಿಯ ಮಾಜಿ ಸೈನಿಕರಿಗೆ ಮಾಹಿತಿ

ಸೇವಾವಧಿಯಲ್ಲಿ ಫಿರಂಗಿ, ನೆಲಬಾಂಬ್, ಗ್ರೆನೇಡ್ ಮತ್ತು ಸುಧಾರಿತ ಸ್ಫೋಟಕಗಳ ಸಮೀಪದಲ್ಲಿ ಕರ್ತವ್ಯ ನಿರ್ವಹಿಸಿದ ಮಾಜಿ ಸೈನಿಕರಲ್ಲಿ ಕೆಲವರಿಗೆ ನಿವೃತ್ತಿಯ ಹಲವು ವರ್ಷಗಳ ನಂತರ ಏದುಸಿರು, ಬಿಡದ ಕೆಮ್ಮು ಹಾಗೂ ಸ್ವಲ್ಪ ಶ್ರಮಕ್ಕೇ ಆಯಾಸವಾಗುವ ಲಕ್ಷಣಗಳು ಕಂಡುಬರುವುದುಂಟು. ಬಹುತೇಕರು ಇದನ್ನು ವಯಸ್ಸಿನ ಸಹಜ ಪರಿಣಾಮವೆಂದೋ, ಮಲೆನಾಡಿನ ಥಂಡಿಯ ಪರಿಣಾಮವೆಂದೋ ಭಾವಿಸಿ ಸುಮ್ಮನಿರುತ್ತಾರೆ. ವೈದ್ಯರ ಬಳಿಗೆ ಹೋದವರೂ ಸೇನೆಯಲ್ಲಿದ್ದಾಗ ಸ್ಫೋಟಕ್ಕೆ ಸಿಲುಕಿದ್ದ ಸಂಗತಿಯನ್ನು ಹೇಳುವುದಿಲ್ಲ. ವೈದ್ಯರೂ ಸಾಮಾನ್ಯವಾಗಿ ಕೇಳುವುದಿಲ್ಲ. ಇದರಿಂದ ಚಿಕಿತ್ಸೆಯೂ ತಡವಾಗುತ್ತದೆ, ಸೇವೆಗೆ ಸಂಬಂಧಿಸಿದ ಅಂಗವೈಕಲ್ಯದ ಹಕ್ಕು ಇದ್ದಲ್ಲಿ ಅದನ್ನು ಸಾಬೀತುಪಡಿಸುವ ಅವಕಾಶವೂ ಕೈತಪ್ಪುತ್ತದೆ. ಈ ವಿಷಯದಲ್ಲಿ ವೈದ್ಯ ವಿಜ್ಞಾನವು ಈವರೆಗೆ ಕಂಡುಕೊಂಡಿರುವುದನ್ನೂ, ಶಿವಮೊಗ್ಗ ಮತ್ತು ಭದ್ರಾವತಿಯಲ್ಲಿ ನೆಲೆಸಿರುವ ಮಾಜಿ ಸೈನಿಕರು ಕೈಗೊಳ್ಳಬಹುದಾದ ಕ್ರಮಗಳನ್ನೂ ಇಲ್ಲಿ ವಿವರಿಸಲಾಗಿದೆ.

ಸ್ಫೋಟದಿಂದ ಶ್ವಾಸಕೋಶಕ್ಕೆ ಪೆಟ್ಟಾಗುವ ಬಗೆ

ಸ್ಫೋಟಕವು ಸಿಡಿದಾಗ ಅದರಲ್ಲಿನ ಘನ ವಸ್ತುವು ಕ್ಷಣಾರ್ಧದಲ್ಲಿ ಅನಿಲವಾಗಿ ಮಾರ್ಪಟ್ಟು, ಸುತ್ತಲಿನ ಗಾಳಿಯನ್ನು ಶಬ್ದಕ್ಕಿಂತಲೂ ಹೆಚ್ಚಿನ ವೇಗದಲ್ಲಿ ಹೊರಕ್ಕೆ ತಳ್ಳುತ್ತದೆ. ಹೀಗೆ ಹೊರಡುವ ಒತ್ತಡದ ಅಲೆಯು ಮನುಷ್ಯನ ದೇಹವನ್ನು ಹಾಯ್ದು ಹೋಗುವಾಗ, ಸ್ನಾಯು ಮತ್ತು ಮೂಳೆಗಳಿಗೆ ಹೆಚ್ಚಿನ ಹಾನಿಯಾಗದಿದ್ದರೂ ಗಾಳಿ ತುಂಬಿದ ಅಂಗಗಳಿಗೆ ತೀವ್ರ ಪೆಟ್ಟಾಗುತ್ತದೆ. ಕಿವಿ, ಕರುಳು ಮತ್ತು ಶ್ವಾಸಕೋಶಗಳು ಈ ಗುಂಪಿಗೆ ಸೇರುತ್ತವೆ. ಶ್ವಾಸಕೋಶದ ಗಾಳಿಗೂಡುಗಳ ಗೋಡೆ ಅತ್ಯಂತ ತೆಳುವಾದುದು. ಅದರ ಒಂದು ಬದಿಯಲ್ಲಿ ಗಾಳಿ, ಇನ್ನೊಂದು ಬದಿಯಲ್ಲಿ ರಕ್ತ. ಅಲೆಯು ಹಾಯುವಾಗ ಈ ಗೋಡೆಗಳು ಹರಿದು ಗಾಳಿಗೂಡಿನೊಳಗೆ ರಕ್ತ ಸೋರುತ್ತದೆ. ಕೆಲವೊಮ್ಮೆ ಗಾಳಿಯ ಗುಳ್ಳೆಗಳೇ ರಕ್ತನಾಳವನ್ನು ಸೇರಿ ಮಿದುಳು ಅಥವಾ ಹೃದಯಕ್ಕೆ ಅಪಾಯ ತರುತ್ತವೆ. ವೈದ್ಯರು ಇದನ್ನು ಬ್ಲಾಸ್ಟ್ ಲಂಗ್ ಎಂದು ಕರೆಯುತ್ತಾರೆ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿಯೇ ಮೈಮೇಲೆ ಒಂದು ಗೀರೂ ಇಲ್ಲದೆ ಸತ್ತ ಸೈನಿಕರನ್ನು ಕಂಡು ವೈದ್ಯರು ಅಚ್ಚರಿಗೊಂಡಿದ್ದರು. ಒತ್ತಡದ ಗಾಳಿ ಬಾಯಿ ಮತ್ತು ಮೂಗಿನ ಮೂಲಕ ಒಳನುಗ್ಗಿ ಶ್ವಾಸಕೋಶವನ್ನು ಒಡೆಯುತ್ತದೆಂಬ ಊಹೆಯೂ ಇತ್ತು. 1940ರಲ್ಲಿ ಬ್ರಿಟನ್ನಿನ ಸಾಲಿ ಝುಕರ್‌ಮನ್ ಅವರು ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿ, ಅಲೆಯು ಎದೆಗೂಡಿನ ಗೋಡೆಯನ್ನು ನೇರವಾಗಿ ಬಡಿಯುವುದರಿಂದಲೇ ಹಾನಿಯಾಗುತ್ತದೆಂದು ತೋರಿಸಿದರು. ಎದೆಯ ಭಾಗಕ್ಕೆ ರಬ್ಬರಿನ ಹೊದಿಕೆ ತೊಡಿಸಿದ್ದ ಪ್ರಾಣಿಗಳ ಶ್ವಾಸಕೋಶಕ್ಕೆ ಕಡಿಮೆ ಪೆಟ್ಟಾಗಿತ್ತು. ಸ್ಫೋಟದ ವೇಳೆ ಬಾಯಿ ತೆರೆದಿಟ್ಟುಕೊಳ್ಳಬೇಕೆಂಬ ಹಳೆಯ ಸಲಹೆಯನ್ನು ಪಾಲಿಸಿದವರು ತಮ್ಮ ಶ್ವಾಸಕೋಶವೂ ಉಳಿಯಿತೆಂದು ಭಾವಿಸಬೇಕಾಗಿಲ್ಲ.

ಹುಣಸೋಡು ಸ್ಫೋಟ: ದೂರದ ಲೆಕ್ಕ

ದಿನಾಂಕ 21 ಜನವರಿ 2021ರ ರಾತ್ರಿ ಶಿವಮೊಗ್ಗ ನಗರದ ಹೊರವಲಯದ ಹುಣಸೋಡು ಗ್ರಾಮದ ಕಲ್ಲುಕ್ವಾರಿಯ ಬಳಿ, ಕ್ವಾರಿಗೆಂದು ತಂದಿದ್ದ ಸ್ಫೋಟಕಗಳು ಲಾರಿಯಲ್ಲಿಯೇ ಸಿಡಿದವು. ಕನಿಷ್ಠ 5 ಮಂದಿ ಮೃತಪಟ್ಟರು; ಮೃತರಲ್ಲಿ ಭದ್ರಾವತಿ ಭಾಗದವರೂ ಇದ್ದರು. ಶಿವಮೊಗ್ಗ, ಭದ್ರಾವತಿಯಲ್ಲಷ್ಟೇ ಅಲ್ಲದೆ ಪಕ್ಕದ ಜಿಲ್ಲೆಗಳಲ್ಲಿಯೂ ನೆಲ ನಡುಗಿದ ಅನುಭವವಾಗಿ, ಭೂಕಂಪವೆಂದು ಹೆದರಿದ ಜನರು ಮನೆಯಿಂದ ಹೊರಗೋಡಿದರು. ಹತ್ತಿರದ ಊರುಗಳಲ್ಲಿ ಕಿಟಕಿಯ ಗಾಜುಗಳು ಒಡೆದು, ಗೋಡೆಗಳು ಬಿರುಕುಬಿಟ್ಟವು.

ಈ ಘಟನೆಯು ಸೇನೆಗೆ ಸಂಬಂಧಿಸಿದ್ದಲ್ಲವಾದರೂ, ಸ್ಫೋಟದ ಒತ್ತಡ ಹಾಗೂ ದೂರದ ಸಂಬಂಧವನ್ನು ಅರಿಯಲು ಜಿಲ್ಲೆಯ ಜನತೆಗೆ ಇದಕ್ಕಿಂತ ಹತ್ತಿರದ ಉದಾಹರಣೆಯಿಲ್ಲ. ಕಿಟಕಿಯ ಗಾಜು ಒಡೆಯಲು ಒಂದೆರಡು ಕಿಲೋಪಾಸ್ಕಲ್‌ಗಳಷ್ಟು ಹೆಚ್ಚುವರಿ ಒತ್ತಡ ಸಾಕು. ಕಿವಿಯ ತಮಟೆ ಹರಿಯಲು ಸುಮಾರು 35 ಕಿಲೋಪಾಸ್ಕಲ್ ಬೇಕು. ಶ್ವಾಸಕೋಶಕ್ಕೆ ಹಾನಿ ಆರಂಭವಾಗುವುದು ಸುಮಾರು 100 ಕಿಲೋಪಾಸ್ಕಲ್‌ನಲ್ಲಿ, ಅಂದರೆ ವಾತಾವರಣದ ಒತ್ತಡದಷ್ಟೇ ಇನ್ನೊಂದು ಒತ್ತಡ ಮೇಲೆ ಬಿದ್ದಾಗ. ಸ್ಫೋಟಕದ ಪ್ರಮಾಣ ಎಂಟು ಪಟ್ಟು ಹೆಚ್ಚಿದರೂ ಅದೇ ಒತ್ತಡ ತಲುಪುವ ದೂರವು ಎರಡು ಪಟ್ಟು ಮಾತ್ರ ಹೆಚ್ಚುತ್ತದೆ. ಆದ್ದರಿಂದ ಅಂದು ರಾತ್ರಿ ನಗರದ ಮನೆಗಳಲ್ಲಿದ್ದವರಿಗೆ ಗಾಜು ಒಡೆದಿದ್ದರೂ ಒತ್ತಡದ ಅಲೆಯಿಂದ ಶ್ವಾಸಕೋಶಕ್ಕೆ ಹಾನಿಯಾಗುವ ಸಂಭವವಿರಲಿಲ್ಲ. ಸದ್ದಿನ ಭೀಕರತೆಯು ಶ್ವಾಸಕೋಶದ ಅಪಾಯದ ಅಳತೆಗೋಲಲ್ಲ. ಸ್ಫೋಟದಿಂದ ವ್ಯಕ್ತಿಯು ಎಷ್ಟು ದೂರದಲ್ಲಿದ್ದನೆಂಬುದೇ ಮುಖ್ಯ.

ಆದರೆ ಈ ಲೆಕ್ಕವು ಬಯಲಿಗೆ ಮಾತ್ರ ಅನ್ವಯಿಸುತ್ತದೆ. ಬಂಕರ್, ವಾಹನ, ಕೋಣೆ ಮುಂತಾದ ಮುಚ್ಚಿದ ಜಾಗಗಳಲ್ಲಿ ಅಲೆಯು ಗೋಡೆಗಳಿಗೆ ಬಡಿದು ಮರಳಿ ಬರುವುದರಿಂದ ಅದೇ ಸ್ಫೋಟಕವು ಹಲವು ಪಟ್ಟು ಹೆಚ್ಚಿನ ಹಾನಿ ಮಾಡುತ್ತದೆ. ನೆಲಬಾಂಬಿಗೆ ಸಿಕ್ಕ ವಾಹನದೊಳಗೆ ಕುಳಿತಿದ್ದವರು, ಬಂಕರಿನೊಳಗಿದ್ದಾಗ ಹೊರಬಾಯಿಯಲ್ಲಿ ಶೆಲ್ ಬಿದ್ದವರು ಈ ವ್ಯತ್ಯಾಸವನ್ನು ಗಮನಿಸತಕ್ಕದ್ದು. ಕಿವಿಯ ತಮಟೆಗೆ ಏನೂ ಆಗಿರಲಿಲ್ಲವಾದ್ದರಿಂದ ಶ್ವಾಸಕೋಶಕ್ಕೂ ಏನೂ ಆಗಿರಲಾರದೆಂದು ಹಿಂದೆ ನಂಬಲಾಗುತ್ತಿತ್ತು. ಕಿವಿ ಚೆನ್ನಾಗಿದ್ದೂ ಶ್ವಾಸಕೋಶಕ್ಕೆ ಪೆಟ್ಟಾಗಿದ್ದ ಪ್ರಕರಣಗಳು ವರದಿಯಾದ ಮೇಲೆ ಆ ನಂಬಿಕೆಯನ್ನು ಕೈಬಿಡಲಾಗಿದೆ.

ಮೊದಲ ಎರಡು ದಿನ ಮತ್ತು ನಂತರದ ವರ್ಷಗಳು

ಬ್ಲಾಸ್ಟ್ ಲಂಗ್ ಸಾಮಾನ್ಯವಾಗಿ ಸ್ಫೋಟವಾದ ಕೆಲವೇ ಗಂಟೆಗಳಲ್ಲಿ, ತಪ್ಪಿದರೆ ಒಂದೆರಡು ದಿನಗಳೊಳಗೆ ತಲೆದೋರುತ್ತದೆ. ಉಸಿರುಗಟ್ಟುವಿಕೆ, ಕೆಮ್ಮಿನಲ್ಲಿ ರಕ್ತ ಹಾಗೂ ಎದೆನೋವು ಇದರ ಲಕ್ಷಣಗಳು. ಎಕ್ಸ್-ರೇಯಲ್ಲಿ ಎರಡೂ ಬದಿಗೆ ಚಿಟ್ಟೆಯ ರೆಕ್ಕೆಯಂತೆ ಹರಡಿದ ಬಿಳಿ ಮಚ್ಚೆ ಕಾಣಬಹುದು. ಈ ಹಂತವು ಪ್ರಾಣಾಂತಕವಾಗಬಲ್ಲದು.

ಬದುಕುಳಿದವರ ಮುಂದಿನ ಸ್ಥಿತಿಯ ಬಗ್ಗೆ ಸಮಾಧಾನಕರ ಮಾಹಿತಿಯಿದೆ. ಇಸ್ರೇಲಿನಲ್ಲಿ ಬಸ್ಸುಗಳಲ್ಲಿ ನಡೆದ ಬಾಂಬ್ ಸ್ಫೋಟಗಳಿಂದ ಬ್ಲಾಸ್ಟ್ ಲಂಗ್‌ಗೆ ತುತ್ತಾಗಿ ಬದುಕುಳಿದ 11 ಮಂದಿಯನ್ನು ಒಂದು ವರ್ಷದ ನಂತರ ಪರೀಕ್ಷಿಸಿದ ವರದಿಯು 1999ರಲ್ಲಿ ಪ್ರಕಟವಾಯಿತು. ಅವರಲ್ಲಿ ಯಾರಿಗೂ ಉಸಿರಾಟದ ದೂರುಗಳಿರಲಿಲ್ಲ; ಶ್ವಾಸಕೋಶದ ಕಾರ್ಯಕ್ಷಮತೆಯೂ ಸಹಜ ಸ್ಥಿತಿಗೆ ಮರಳಿತ್ತು. ಹರಿದ ಗಾಳಿಗೂಡುಗಳು ಬಹುಮಟ್ಟಿಗೆ ಕೂಡಿಕೊಳ್ಳುತ್ತವೆಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಆದರೂ 11 ಮಂದಿಯ, ಅದೂ ಒಂದೇ ಸ್ಫೋಟಕ್ಕೆ ಸಿಲುಕಿದ ನಾಗರಿಕರ ಒಂದು ವರ್ಷದ ಅನುಭವವನ್ನು, ಇಪ್ಪತ್ತು ವರ್ಷ ಫಿರಂಗಿಯ ಪಕ್ಕದಲ್ಲಿ ನಿಂತ ಸೈನಿಕನಿಗೆ ಹಾಗೆಯೇ ಅನ್ವಯಿಸುವುದು ಸರಿಯಾಗದು. ಎದೆಗೆ ಚೂರುಗಳು ಹೊಕ್ಕವರು, ಪಕ್ಕೆಲುಬು ಮುರಿದವರು, ದೀರ್ಘಕಾಲ ಕೃತಕ ಉಸಿರಾಟದ ಯಂತ್ರದಲ್ಲಿದ್ದವರು ಹಾಗೂ ಬಿಸಿಹೊಗೆಯಿಂದ ಶ್ವಾಸನಾಳ ಸುಟ್ಟವರಲ್ಲಿ ಶ್ವಾಸಕೋಶವು ನಾರುಗಟ್ಟುವ ಅಥವಾ ಶ್ವಾಸನಾಳ ಕಿರಿದಾಗುವ ಸಾಧ್ಯತೆ ಬೇರೆಯೇ ಆಗಿರುತ್ತದೆ.

ಒಂದು ದೊಡ್ಡ ಸ್ಫೋಟಕ್ಕಿಂತ ಮತ್ತೆ ಮತ್ತೆ ಎದುರಾಗುವ ಚಿಕ್ಕ ಒತ್ತಡಗಳ ಪ್ರಶ್ನೆ ಹೆಚ್ಚು ಜಟಿಲವಾದುದು. 1999ರ ಕಾರ್ಗಿಲ್ ಕಾರ್ಯಾಚರಣೆಯಲ್ಲಿ ಭಾರತೀಯ ಫಿರಂಗಿದಳವು ಸುಮಾರು 2.5 ಲಕ್ಷ ಶೆಲ್ ಮತ್ತು ರಾಕೆಟ್‌ಗಳನ್ನು ಹಾರಿಸಿತು. ಗುಂಡು ಹಾರಿದ ಪ್ರತಿಬಾರಿಯೂ ಫಿರಂಗಿಯ ಸುತ್ತ ನಿಂತ ಸಿಬ್ಬಂದಿಗೆ ಒತ್ತಡದ ಅಲೆಯ ಒಂದಂಶ ತಟ್ಟುತ್ತದೆ. 2001-02ರ ಪರಾಕ್ರಮ ಕಾರ್ಯಾಚರಣೆಯಲ್ಲಿ ಪಶ್ಚಿಮ ಗಡಿಯುದ್ದಕ್ಕೂ ನೆಲಬಾಂಬ್ ಹೂಳಿ ನಂತರ ತೆಗೆದ ಸ್ಯಾಪರ್‌ಗಳು, 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿದ್ದ ಶಾಂತಿಪಾಲನಾ ಪಡೆಯವರು, ಕಾಶ್ಮೀರದಲ್ಲಿ ರಸ್ತೆ ತೆರವು ಮಾಡಿದ ತಂಡಗಳವರು ಬೇರೆ ಬೇರೆ ಬಗೆಯಲ್ಲಿ ಸ್ಫೋಟದ ನೆರೆಯಲ್ಲಿದ್ದವರೇ. ಇಂತಹ ಪುನರಾವರ್ತಿತ ಒತ್ತಡವು ಮಿದುಳು ಮತ್ತು ಕಿವಿಯ ಮೇಲೆ ಉಂಟುಮಾಡುವ ಪರಿಣಾಮಗಳನ್ನು ಹೆಚ್ಚು ಅಧ್ಯಯನ ಮಾಡಲಾಗಿದೆ. ಶ್ವಾಸಕೋಶದ ಕುರಿತ ಅಧ್ಯಯನಗಳು ಕಡಿಮೆ. ಆದಕಾರಣ ‘ಸ್ಫೋಟದಿಂದಲೇ ನನಗೆ ಈ ಕಾಯಿಲೆ ಬಂದಿತು’ ಎಂದು ಖಂಡಿತವಾಗಿ ಹೇಳುವವರ ಮಾತನ್ನೂ, ‘ಸ್ಫೋಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ’ ಎಂದು ತಳ್ಳಿಹಾಕುವವರ ಮಾತನ್ನೂ ಪರೀಕ್ಷೆಗೆ ಮುಂಚೆ ಒಪ್ಪಬೇಕಾಗಿಲ್ಲ.

ಅಲೆ ಹೋದ ಮೇಲೆ ಉಳಿಯುವ ಹೊಗೆ ಮತ್ತು ಧೂಳು

ಸ್ಫೋಟದ ಒತ್ತಡ ಸೆಕೆಂಡಿನ ಸಣ್ಣ ಭಾಗದಲ್ಲಿ ಮುಗಿಯುತ್ತದೆ. ಆ ಬಳಿಕ ಎದ್ದ ಧೂಳು, ಸುಟ್ಟ ಇಂಧನ ಮತ್ತು ಪ್ಲಾಸ್ಟಿಕ್‌ನ ಹೊಗೆ, ಸ್ಫೋಟಕದ ಅನಿಲ ಹಾಗೂ ಲೋಹದ ಸೂಕ್ಷ್ಮಕಣಗಳನ್ನು ಸೈನಿಕನು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಉಸಿರಾಡುತ್ತಾನೆ. ದೀರ್ಘಕಾಲದ ಕಾಯಿಲೆಯ ದೃಷ್ಟಿಯಿಂದ ಇದೇ ಹೆಚ್ಚು ಗಮನಾರ್ಹವೆಂದು ಇಂದು ಪರಿಗಣಿಸಲಾಗುತ್ತಿದೆ.

ಇರಾಕ್ ಮತ್ತು ಅಫ್ಘಾನಿಸ್ತಾನದಿಂದ ಮರಳಿದ ಮೇಲೆ ಮೊದಲಿನಂತೆ ಓಡಲಾಗದೆ ಏದುಸಿರು ಬಿಡುತ್ತಿದ್ದ 80 ಅಮೆರಿಕನ್ ಸೈನಿಕರನ್ನು ಪರೀಕ್ಷಿಸಿದ ವರದಿಯೊಂದು 2011ರಲ್ಲಿ ಪ್ರಕಟವಾಯಿತು. ಅವರ ಪೈಕಿ 49 ಮಂದಿಯ ಶ್ವಾಸಕೋಶದ ಚೂರನ್ನು ತೆಗೆದು ಪರೀಕ್ಷಿಸಲಾಗಿ, 38 ಮಂದಿಯಲ್ಲಿ ಅತಿ ಸಣ್ಣ ಶ್ವಾಸನಾಳಗಳು ಗಾಯಗೊಂಡು ಕಿರಿದಾಗುವ ಕಾಯಿಲೆ ಪತ್ತೆಯಾಯಿತು. ಇವರಲ್ಲಿ ಅನೇಕರು 2003ರಲ್ಲಿ ಇರಾಕಿನ ಮೊಸುಲ್ ಬಳಿ ಗಂಧಕದ ಗಣಿಯಲ್ಲಿ ಹೊತ್ತಿದ ಬೆಂಕಿಯ ಹೊಗೆಗೆ ಸಿಲುಕಿದ್ದರು. ಇಲ್ಲಿ ಮುಖ್ಯವಾದ ಅಂಶವೆಂದರೆ, ಅವರ ಎಕ್ಸ್-ರೇ ಮತ್ತು ಸಾಮಾನ್ಯ ಉಸಿರಾಟದ ಪರೀಕ್ಷೆಗಳು ಬಹುತೇಕ ಸಹಜವಾಗಿಯೇ ಇದ್ದವು. ಎಕ್ಸ್-ರೇ ಚೆನ್ನಾಗಿದೆ ಎಂಬ ಒಂದೇ ಕಾರಣದಿಂದ ಏದುಸಿರಿನ ದೂರನ್ನು ಕೈಬಿಡಬಾರದೆಂಬುದನ್ನು ಈ ವರದಿ ತೋರಿಸಿಕೊಟ್ಟಿತು.

ಅಮೆರಿಕ ಸರ್ಕಾರವು 2014ರಲ್ಲಿ ಗಾಳಿಯಿಂದಾದ ಅಪಾಯಗಳಿಗೆ ಒಳಗಾದ ಮಾಜಿ ಸೈನಿಕರ ನೋಂದಣಿಯನ್ನು ಆರಂಭಿಸಿತು. 2022ರಲ್ಲಿ ಜಾರಿಗೆ ಬಂದ ಕಾಯ್ದೆಯ ಮೂಲಕ, ತ್ಯಾಜ್ಯ ಸುಡುವ ಗುಂಡಿಗಳ ಹೊಗೆಗೆ ಒಳಗಾದವರ ಹಲವು ಶ್ವಾಸಕೋಶದ ಕಾಯಿಲೆಗಳನ್ನು ಸೇವೆಯಿಂದಲೇ ಬಂದವೆಂದು ಪರಿಗಣಿಸಲು ಆದೇಶಿಸಲಾಯಿತು. ಆ ಕಾಯ್ದೆಯು ಹೊಗೆ ಮತ್ತು ಧೂಳಿಗೆ ಸಂಬಂಧಿಸಿದ್ದೇ ವಿನಾ ಸ್ಫೋಟದ ಅಲೆಗೆ ಸಂಬಂಧಿಸಿದ್ದಲ್ಲ. ಭಾರತದ ಮಾಜಿ ಸೈನಿಕರಿಗೆ ಅದು ಅನ್ವಯಿಸುವುದೂ ಇಲ್ಲ.

ನಿವೃತ್ತಿಯ ನಂತರದ ಕೆಲಸ ಮತ್ತು ಮನೆಯ ಹೊಗೆ

ಸೈನಿಕರು ಸಾಮಾನ್ಯವಾಗಿ ಮೂವತ್ತೈದರಿಂದ ನಲವತ್ತೈದರ ವಯಸ್ಸಿನೊಳಗೆ ನಿವೃತ್ತರಾಗಿ ಎರಡನೆಯ ಉದ್ಯೋಗ ಹಿಡಿಯುತ್ತಾರೆ. ಶಿವಮೊಗ್ಗ ಮತ್ತು ಭದ್ರಾವತಿಯ ಮಟ್ಟಿಗೆ ಈ ಎರಡನೆಯ ಉದ್ಯೋಗವೇ ಕೆಲವೊಮ್ಮೆ ಶ್ವಾಸಕೋಶಕ್ಕೆ ಎರಡನೆಯ ಪೆಟ್ಟಾಗುತ್ತದೆ. ಕಲ್ಲುಕ್ವಾರಿ ಮತ್ತು ಜಲ್ಲಿ ಕ್ರಷರ್‌ಗಳಲ್ಲಿ ಮೇಲ್ವಿಚಾರಣೆ, ಕಾವಲು ಅಥವಾ ಸ್ಫೋಟಕ ಬಳಸುವ ಕೆಲಸಗಳಿಗೆ ಸೇನೆಯ ಅನುಭವವಿದ್ದವರನ್ನು ಆದ್ಯತೆಯ ಮೇಲೆ ನೇಮಿಸಿಕೊಳ್ಳುವುದುಂಟು. ಗ್ರಾನೈಟ್ ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಸಿಲಿಕೋಸಿಸ್ ಎಂಬ ಕಾಯಿಲೆಯನ್ನುಂಟುಮಾಡುತ್ತವೆ. ಇದನ್ನು ಗುಣಪಡಿಸುವ ಔಷಧವಿಲ್ಲ; ಧೂಳಿನ ಕೆಲಸ ಬಿಟ್ಟ ಮೇಲೂ ಕಾಯಿಲೆ ಮುಂದುವರಿಯಬಹುದು. ಸಿಲಿಕೋಸಿಸ್ ಇದ್ದವರಿಗೆ ಕ್ಷಯರೋಗ ತಗಲುವ ಸಂಭವ ಹೆಚ್ಚು. ಕ್ಷಯವೆಂದೇ ತಪ್ಪಾಗಿ ತಿಳಿದು ವರ್ಷಗಟ್ಟಲೆ ಔಷಧ ಸೇವಿಸಿದ ಸಿಲಿಕೋಸಿಸ್ ರೋಗಿಗಳು ದೇಶದ ನಾನಾ ಕಡೆ ಕಂಡುಬಂದಿದ್ದಾರೆ.

ಭದ್ರಾವತಿಯಲ್ಲಿ 1923ರಿಂದ ಉತ್ಪಾದನೆ ನಡೆಸಿದ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯಲ್ಲಾಗಲಿ, ಸಣ್ಣಪುಟ್ಟ ಫೌಂಡ್ರಿಗಳಲ್ಲಾಗಲಿ ದುಡಿದವರಿಗೂ ಅಚ್ಚಿನ ಮರಳು, ಕುಲುಮೆಯ ಹೊಗೆ ಮತ್ತು ಬೆಸುಗೆಯ ಹೊಗೆಗಳ ಸಂಪರ್ಕವಾಗಿರುತ್ತದೆ. ಭದ್ರಾವತಿಯವರು ‘ಬ್ಲಾಸ್ಟ್ ಫರ್ನೇಸ್ ಕೆಲಸ’ ಎಂದು ವೈದ್ಯರಲ್ಲಿ ಹೇಳಿದಾಗ ಅದನ್ನು ಸ್ಫೋಟವೆಂದು ಬರೆದುಕೊಂಡರೆ ಗೊಂದಲವಾದೀತು. ಅಲ್ಲಿ ಬ್ಲಾಸ್ಟ್ ಎಂದರೆ ಕುಲುಮೆಗೆ ಊದುವ ಬಿಸಿಗಾಳಿ. ಸೇನೆಯ ಸ್ಫೋಟ, ಕ್ವಾರಿಯ ಸ್ಫೋಟ, ಕುಲುಮೆಯ ಕೆಲಸ ಈ ಮೂರನ್ನೂ ಪ್ರತ್ಯೇಕವಾಗಿ ತಿಳಿಸುವುದು ಒಳಿತು.

ಊರಿಗೆ ಮರಳಿ ತೋಟ ನೋಡಿಕೊಳ್ಳುವವರಿಗೂ ಹೊಗೆ ತಪ್ಪಿದ್ದಲ್ಲ. ಅಡಿಕೆ ಬೇಯಿಸುವ ಒಲೆ, ಮಳೆಗಾಲದಲ್ಲಿ ದಿನವಿಡೀ ಉರಿಯುವ ಬಚ್ಚಲೊಲೆ, ಬೂಸ್ಟು ಹಿಡಿದ ಹುಲ್ಲು ಇವೆಲ್ಲವೂ ಮೊದಲೇ ದುರ್ಬಲವಾದ ಶ್ವಾಸಕೋಶವನ್ನು ಇನ್ನಷ್ಟು ಕೆರಳಿಸುತ್ತವೆ. ಬೀಡಿ ಮತ್ತು ಸಿಗರೇಟಿನ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಈ ಲೇಖನದಲ್ಲಿ ಉಲ್ಲೇಖಿಸಿದ ಕಾರಣಗಳಲ್ಲಿ ಇಂದಿನಿಂದಲೇ ನಿಲ್ಲಿಸಬಹುದಾದುದು ಅದೊಂದೇ.

ಏದುಸಿರಿಗೆ ಮನಸ್ಸಿನ ಕಾರಣವೂ ಇರಬಹುದು. ಸ್ಫೋಟದಲ್ಲಿ ಜೊತೆಗಾರರನ್ನು ಕಳೆದುಕೊಂಡವರಲ್ಲಿ ನಿದ್ರಾಹೀನತೆ, ಪಟಾಕಿಯ ಸದ್ದಿಗೂ ಬೆಚ್ಚಿಬೀಳುವುದು ಹಾಗೂ ಎದೆ ಬಿಗಿಯುವುದು ಒಟ್ಟಾಗಿ ಕಾಣಿಸಿಕೊಳ್ಳುತ್ತವೆ. ಇದಕ್ಕೂ ಚಿಕಿತ್ಸೆಯುಂಟು. ಆದರೆ ಶ್ವಾಸಕೋಶದ ಪರೀಕ್ಷೆಯನ್ನು ಮಾಡಿಸದೆಯೇ ಎಲ್ಲವೂ ಮನಸ್ಸಿನದೆಂದು ತೀರ್ಮಾನಿಸುವುದು ಸಲ್ಲದು.

ಪರೀಕ್ಷೆಗಳು

ಸಮತಟ್ಟಾದ ನೆಲದಲ್ಲಿ ಓರಗೆಯವರ ಜೊತೆ ನಡೆಯಲಾಗದೆ ಹಿಂದೆ ಬೀಳುವುದು, ಎಂಟು ವಾರಗಳನ್ನು ಮೀರಿದ ಕೆಮ್ಮು, ಉಸಿರಿನಲ್ಲಿ ಸಿಳ್ಳೆಯ ಸದ್ದು, ಕಾರಣವಿಲ್ಲದೆ ತೂಕ ಇಳಿಯುವುದು ಇವುಗಳಲ್ಲಿ ಯಾವುದೇ ಲಕ್ಷಣವಿದ್ದರೂ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆಯ ಮೂಲಕ ಕ್ಷಯರೋಗವಿದೆಯೇ ಎಂಬುದನ್ನು ನೋಡಲಾಗುತ್ತದೆ. ಈ ಪರೀಕ್ಷೆ ಮತ್ತು ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಕೆಮ್ಮಿನಲ್ಲಿ ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ತೆರಳಬೇಕು.

ಬಳಿಕ ಎಕ್ಸ್-ರೇ ಮತ್ತು ಸ್ಪೈರೊಮೆಟ್ರಿ. ಸ್ಪೈರೊಮೆಟ್ರಿಯಲ್ಲಿ ರೋಗಿಯು ಉಸಿರನ್ನು ಪೂರ್ತಿ ಎಳೆದುಕೊಂಡು ಕೊಳವೆಯೊಳಗೆ ಜೋರಾಗಿ ಊದಬೇಕು. ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿಯನ್ನು ಒಟ್ಟು ಗಾಳಿಯೊಡನೆ ಹೋಲಿಸಿ, ಶ್ವಾಸನಾಳ ಕಿರಿದಾಗಿದೆಯೇ ಅಥವಾ ಶ್ವಾಸಕೋಶವೇ ಕುಗ್ಗಿದೆಯೇ ಎಂಬುದನ್ನು ತಿಳಿಯಲಾಗುತ್ತದೆ. ಇದರಲ್ಲಿ ನೋವಿಲ್ಲ, ಆದರೆ ಪೂರ್ಣ ಶಕ್ತಿಯಿಂದ ಊದದಿದ್ದರೆ ಫಲಿತಾಂಶ ತಪ್ಪಾಗುತ್ತದೆ. ಸ್ಪೈರೊಮೆಟ್ರಿ ಸಹಜವಾಗಿದ್ದೂ ಏದುಸಿರು ಮುಂದುವರಿದಲ್ಲಿ, ಗಾಳಿಗೂಡಿನಿಂದ ರಕ್ತಕ್ಕೆ ಅನಿಲ ದಾಟುವ ಪ್ರಮಾಣವನ್ನು ಅಳೆಯುವ ಡಿ.ಎಲ್.ಸಿ.ಒ. ಪರೀಕ್ಷೆ, ಉಸಿರು ಬಿಟ್ಟ ಸ್ಥಿತಿಯಲ್ಲಿಯೂ ತೆಗೆಯುವ ಹೆಚ್ಚಿನ ಸ್ಪಷ್ಟತೆಯ ಸಿ.ಟಿ. ಸ್ಕ್ಯಾನ್ ಹಾಗೂ ಹೃದಯದ ಎಕೋ ಪರೀಕ್ಷೆಗಳ ಬಗ್ಗೆ ತಜ್ಞರನ್ನು ವಿಚಾರಿಸಬಹುದು. ಇಂದಿನ ಒಂದು ವರದಿಗಿಂತ ಐದು ವರ್ಷಗಳ ಅಂತರದ ಎರಡು ವರದಿಗಳು ಹೆಚ್ಚು ಮಾಹಿತಿ ನೀಡುತ್ತವೆ; ಆದುದರಿಂದ ಹಳೆಯ ವರದಿಗಳನ್ನು ಎಸೆಯಬಾರದು.

ಪಿಂಚಣಿ ಪಡೆಯುವ ಮಾಜಿ ಸೈನಿಕರು 2003ರಲ್ಲಿ ಆರಂಭವಾದ ಇ.ಸಿ.ಎಚ್.ಎಸ್. ಯೋಜನೆಯ ಸದಸ್ಯರಾಗಿದ್ದಲ್ಲಿ, ಶಿವಮೊಗ್ಗದ ಪಾಲಿಕ್ಲಿನಿಕ್‌ನಲ್ಲಿ ತಪಾಸಣೆ ಮಾಡಿಸಿಕೊಂಡು ಅಗತ್ಯವಿದ್ದಲ್ಲಿ ಮಾನ್ಯತೆ ಪಡೆದ ಆಸ್ಪತ್ರೆಗೆ ಶಿಫಾರಸು ಪತ್ರ ಪಡೆಯಬಹುದು. ಸಿ.ಆರ್.ಪಿ.ಎಫ್., ಬಿ.ಎಸ್.ಎಫ್. ಮುಂತಾದ ಕೇಂದ್ರ ಪಡೆಗಳ ನಿವೃತ್ತರಿಗೆ ಇ.ಸಿ.ಎಚ್.ಎಸ್. ಅನ್ವಯಿಸುವುದಿಲ್ಲ. ಅವರು ಹಾಗೂ ಪಿಂಚಣಿಯಿಲ್ಲದ ಮಾಜಿ ಸೈನಿಕರು ಭದ್ರಾವತಿಯ ತಾಲ್ಲೂಕು ಆಸ್ಪತ್ರೆ ಅಥವಾ ಶಿವಮೊಗ್ಗದ ಮೆಗ್ಗಾನ್ ಬೋಧನಾ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಬಹುದು.

ವೈದ್ಯರಿಗೆ ತಿಳಿಸಬೇಕಾದ ವಿವರ

ಯಾವ ವರ್ಷ, ಯಾವ ಸ್ಥಳದಲ್ಲಿ, ಸ್ಫೋಟದಿಂದ ಅಂದಾಜು ಎಷ್ಟು ಹೆಜ್ಜೆ ದೂರದಲ್ಲಿದ್ದಿರಿ. ಬಯಲೋ, ವಾಹನವೋ, ಬಂಕರೋ. ಪ್ರಜ್ಞೆ ತಪ್ಪಿತ್ತೇ, ಕಿವಿಯಿಂದ ರಕ್ತ ಬಂದಿತ್ತೇ, ಕೆಮ್ಮಿದಾಗ ರಕ್ತ ಕಂಡಿತ್ತೇ. ಬಳಿಕ ಎಷ್ಟು ಹೊತ್ತು ಹೊಗೆಯಲ್ಲಿದ್ದಿರಿ. ಯಾವ ಸೇನಾ ಆಸ್ಪತ್ರೆಗೆ ಸಾಗಿಸಲಾಯಿತು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಸಾಕು. ನೆನಪಿಗೆ ಬಾರದ್ದನ್ನು ಊಹಿಸಿ ಬರೆಯಬಾರದು. ಮುಂದೆ ದಾಖಲೆಯೊಂದಿಗೆ ತಾಳೆಯಾಗದಿದ್ದರೆ ನಿಜವಾದ ಭಾಗವೂ ಅನುಮಾನಕ್ಕೀಡಾಗುತ್ತದೆ. ನಿವೃತ್ತಿಯ ನಂತರ ಮಾಡಿದ ಕೆಲಸಗಳನ್ನೂ ಮುಚ್ಚಿಡದೆ ತಿಳಿಸಬೇಕು. ಕ್ವಾರಿಯ ಕೆಲಸವನ್ನು ಹೇಳಿದರೆ ಸೇನೆಯ ಹಕ್ಕು ತಪ್ಪುವುದೆಂಬ ಭಯದಿಂದ ಸಿಲಿಕೋಸಿಸ್ ಪತ್ತೆಯಾಗದೆ ಉಳಿದರೆ ನಷ್ಟ ರೋಗಿಗೇ.

ವೈದ್ಯರು ಸೂಚಿಸಿದಲ್ಲಿ ಫ್ಲೂ ಮತ್ತು ನ್ಯುಮೋಕಾಕಸ್ ಲಸಿಕೆಗಳನ್ನು ಹಾಕಿಸಿಕೊಳ್ಳುವುದು, ಇನ್‌ಹೇಲರ್ ಬಳಸುವ ಕ್ರಮವನ್ನು ಸರಿಯಾಗಿ ಕಲಿಯುವುದು ಹಾಗೂ ಪ್ರತಿದಿನ ನಡಿಗೆಯ ಅಭ್ಯಾಸ ಇಟ್ಟುಕೊಳ್ಳುವುದು ಬಹುತೇಕ ಎಲ್ಲ ಬಗೆಯ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಗಳಲ್ಲಿಯೂ ಉಪಯುಕ್ತ.

ದಾಖಲೆಗಳು ಮತ್ತು ಅಂಗವೈಕಲ್ಯ ಪಿಂಚಣಿ

ಸೇವೆಯಲ್ಲಿದ್ದಾಗ ಇಲ್ಲದ ಕಾಯಿಲೆ ನಿವೃತ್ತಿಯ ನಂತರ ಕಾಣಿಸಿಕೊಂಡರೆ, ಅದರ ಮೂಲ ಸೇವೆಯ ಪರಿಸ್ಥಿತಿಯಲ್ಲಿಯೇ ಇತ್ತೆಂದು ಸಕ್ಷಮ ವೈದ್ಯಕೀಯ ಪ್ರಾಧಿಕಾರವು ಒಪ್ಪಿದಲ್ಲಿ ಹಕ್ಕು ಸಲ್ಲಿಸಲು ಸೇನೆಯ ನಿಯಮಗಳಲ್ಲಿ ಅವಕಾಶ ಕಲ್ಪಿಸಲಾಗಿದೆ. ಇದಕ್ಕೆ ಕಾಲಮಿತಿಯುಂಟು, ಯಾವ ವರ್ಷದ ನಿಯಮ ಅನ್ವಯಿಸುತ್ತದೆಂಬುದು ನಿವೃತ್ತಿಯ ದಿನಾಂಕವನ್ನು ಅವಲಂಬಿಸಿದೆ. ಸರ್ವೋಚ್ಚ ನ್ಯಾಯಾಲಯವು 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ, ಸೇರ್ಪಡೆಯ ವೇಳೆ ಯಾವುದೇ ಕಾಯಿಲೆಯನ್ನು ದಾಖಲಿಸದಿದ್ದಲ್ಲಿ ಸೈನಿಕನು ಆರೋಗ್ಯವಂತನಾಗಿದ್ದನೆಂದೇ ಭಾವಿಸತಕ್ಕದ್ದೆಂದು ತೀರ್ಪಿತ್ತಿತು. ಆ ಪ್ರಕರಣವು ಅನಾರೋಗ್ಯದ ಕಾರಣ ಸೇವೆಯಿಂದ ಬಿಡುಗಡೆಗೊಂಡವರಿಗೆ ಸಂಬಂಧಿಸಿದುದು. ಅವಧಿ ಪೂರೈಸಿ ಆರೋಗ್ಯವಂತರೆಂದೇ ನಿವೃತ್ತರಾದವರು ಅದೊಂದನ್ನೇ ನೆಚ್ಚಿಕೊಳ್ಳದೆ, ಘಟನೆ ನಡೆದ ದಿನದ ದಾಖಲೆಗಳನ್ನು ಹುಡುಕಿಸುವುದು ಲೇಸು.

ಗಾಯದ ವರದಿ, ಸೇನಾ ಆಸ್ಪತ್ರೆಯ ಬಿಡುಗಡೆ ಪತ್ರ, ಬಿಡುಗಡೆಯ ವೇಳೆಯ ವೈದ್ಯಕೀಯ ಮಂಡಳಿಯ ನಡವಳಿ ಇವುಗಳ ಪ್ರತಿ ಕೈಯಲ್ಲಿಲ್ಲದಿದ್ದರೆ ಆಯಾ ರೆಜಿಮೆಂಟಿನ ದಾಖಲಾತಿ ಕಚೇರಿಗೆ ಬರೆಯಬೇಕು. ಮದ್ರಾಸ್ ಇಂಜಿನಿಯರ್ ಗ್ರೂಪ್‌ನವರಿಗೆ ಬೆಂಗಳೂರಿನಲ್ಲಿ, ಮರಾಠಾ ಲಘು ಪದಾತಿದಳದವರಿಗೆ ಬೆಳಗಾವಿಯಲ್ಲಿ, ಫಿರಂಗಿದಳದವರಿಗೆ ನಾಸಿಕ್ ರೋಡ್‌ನಲ್ಲಿ ಈ ಕಚೇರಿಗಳಿವೆ. ಅರ್ಜಿಯಲ್ಲಿ ಸೇನಾ ಸಂಖ್ಯೆ, ಹುದ್ದೆ, ಘಟಕದ ಹೆಸರು, ಘಟನೆಯ ದಿನಾಂಕ ಹಾಗೂ ದಾಖಲಾದ ಆಸ್ಪತ್ರೆಯ ಹೆಸರನ್ನು ನಮೂದಿಸತಕ್ಕದ್ದು. ಅರ್ಜಿ ಬರೆಯಲು ನೆರವು ಬೇಕಾದವರು, ಮೃತ ಮಾಜಿ ಸೈನಿಕರ ಪತ್ನಿಯರೂ ಸೇರಿದಂತೆ, ಬಿಡುಗಡೆ ಪುಸ್ತಕ, ಪಿಂಚಣಿ ಆದೇಶ, ಗುರುತಿನ ಚೀಟಿ ಹಾಗೂ ಇತ್ತೀಚಿನ ವೈದ್ಯಕೀಯ ವರದಿಗಳ ಮೂಲ ಮತ್ತು ನಕಲು ಪ್ರತಿಗಳೊಂದಿಗೆ ಶಿವಮೊಗ್ಗದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯನ್ನು ಕೆಲಸದ ದಿನಗಳಲ್ಲಿ ಸಂಪರ್ಕಿಸಬಹುದಾಗಿದೆ.